ಎಡಗಿವಿಯ ಪಕ್ಕದ ಸ್ಟೂಲು

ಜೂನ್ ೨, ಭಾನುವಾರ

ಇವತ್ತೂ ಸ್ಟೂಲಿನ ಮೇಲೆ ಅವಳೇ ಕೂತಳು.

ದಾಖಲೆ ಎಂದ ಮೇಲೆ ಪೂರ್ತಿ ಇರಬೇಕು, ಅರ್ಧಂಬರ್ಧ ಬರೆಯುವುದು ನನ್ನ ಜಾಯಮಾನವಲ್ಲ. ಅಪ್ಪನ ಬಲಗಿವಿ ಸಂಪೂರ್ಣ ಹೋಗಿದೆ. ಎಡಗಿವಿಯಲ್ಲಿ ಚೂರು ಜೀವ ಇದೆ, ಅದೂ ಬಾಯಿ ಹತ್ತಿರ ತಂದು ಹೇಳಿದರೆ ಮಾತ್ರ. ಜೀವಮಾನವಿಡೀ ಬೂಟಿನ ಹಿಮ್ಮಡಿಗೆ ಮೊಳೆ ಹೊಡೆದದ್ದರ ಫಲ ಎನ್ನುತ್ತಾರೆ ಡಾಕ್ಟರು. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟೆವು. ತಲೆಯೊಳಗೆ ಜೀರುಂಡೆ ಸಾಕಿದ ಹಾಗಾಗುತ್ತದೆ ಎಂದು ಅದನ್ನು ಕಪಾಟಿಗೆ ಸೇರಿಸಿದರು. ಹಾಗಾಗಿ ಸಿನಿಮಾ ನೋಡುವಾಗ ಯಾರಾದರೂ ಎಡಗಡೆ ಕೂತು, ಪಾತ್ರಗಳು ಏನು ಮಾತಾಡುತ್ತಿವೆ ಎಂದು ಕಿವಿಯಲ್ಲಿ ಹೇಳುತ್ತಿರಬೇಕು. ಅಪ್ಪನ ಕುರ್ಚಿಗೂ ಗೋಡೆಗೂ ನಡುವಿನ ಜಾಗದಲ್ಲಿ ಅವರು ಕೆಲಸಕ್ಕೆ ಕೂರುತ್ತಿದ್ದ ಮೂರು ಕಾಲಿನ ಸ್ಟೂಲು ಮಾತ್ರ ಹಿಡಿಸುತ್ತದೆ. ಒಂದು ಕಿವಿ, ಒಂದು ಸ್ಟೂಲು. ಅದನ್ನು ತಮ್ಮನ ಹೆಂಡತಿ ಹಿಡಿದುಕೊಂಡು ಕೂತಿದ್ದಾಳೆ.

ಅವಳು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುವ ಕೆಲಸದವಳು. ಈ ಡೈರಿಯಲ್ಲಿ ಅವಳ ಹೆಸರು ಮೈಕು. ಮೈಕು ಮಾತನ್ನು ಇದ್ದ ಹಾಗೆ ಒಪ್ಪಿಸುವುದಿಲ್ಲ, ಉಪ್ಪು ಖಾರ ಹಚ್ಚುತ್ತಾಳೆ. ಇವತ್ತಿನ ಸಿನಿಮಾದಲ್ಲಿ ಹಡಗಿನ ಕಪ್ತಾನ, "ಬೆಳಗಾಗುವುದರೊಳಗೆ ಹೊರಡಬೇಕು" ಅಂದ. ಅಷ್ಟೇ ಅಂದದ್ದು. ಇವಳು ಅಪ್ಪನ ಕಿವಿಗೆ ಬಗ್ಗಿ, "ಮಾವ, ಇವನ ಮೀಸೆಗೆ ಹಚ್ಚಿದ ಗೋಂದು ಬಿಡ್ತಾ ಇದೆ, ಜನ ನೋಡೋದ್ರೊಳಗೆ ಹೊರಡೋಣ ಅಂತಿದಾನೆ" ಅಂದಳು. ಅಪ್ಪ ಕೆಮ್ಮು ಬರುವಷ್ಟು ನಕ್ಕರು.

ನಾನು ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುವವಳು. ಸಾಕ್ಷಿ ತೊದಲಿದರೆ ತೊದಲಿದ ಹಾಗೇ ಹೊಡೆಯುತ್ತೇನೆ. ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ಹೇಳಿದ್ದು ಹೇಳಿದ ಹಾಗೆ. ಅಂಥವಳ ಕಣ್ಣೆದುರಿಗೇ ಮೈಕು ಅಪ್ಪನಿಗೆ ಸುಳ್ಳು ತಿನ್ನಿಸುತ್ತಾಳೆ, ಅವರು ಇನ್ನಷ್ಟು ಹಾಕು ಎನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಊಟ ಸೇರಲಿಲ್ಲ.

ಜೂನ್ ೫, ಬುಧವಾರ

ಹಳೆಯ ಪ್ಲೇಯರ್ ಇವತ್ತು ಒಂದು ಡಿಸ್ಕು ನುಂಗಿ ಕೂತಿತು. ತಮ್ಮ ಸ್ಕ್ರೂ ಬಿಚ್ಚಿ ಹೊರಗೆ ತೆಗೆದ. ಡಿಸ್ಕಿನ ಬೆನ್ನು ತುಂಬ ಗೀರು.

ಅಪ್ಪನ ಸಿನಿಮಾ ಡಿಸ್ಕುಗಳೆಲ್ಲ ಬೂಟಿನ ರಟ್ಟಿನ ಡಬ್ಬಿಗಳಲ್ಲಿವೆ. ಗೋಡೆಯುದ್ದಕ್ಕೂ ಡಬ್ಬಿ. ಹೊರಗಿನಿಂದ ನೋಡಿದವರು ಅಂಗಡಿಯ ಮಾಲು ಮನೆಗೆ ತಂದಿದ್ದಾರೆ ಅಂದುಕೊಳ್ಳಬೇಕು. ಕೆಲಸ ಮುಗಿಸಿ ಬರುವಾಗ ವಾರಕ್ಕೊಂದಾದರೂ ತರುತ್ತಿದ್ದರು. ಎಲ್ಲವೂ ಒಂದೊಂದಾಗಿ ಹೋಗುತ್ತವೆ ಎಂದು ಹೆದರಿಕೆಯಾಯಿತು.

ಮಧ್ಯಾಹ್ನದ ಬಿಡುವಿನಲ್ಲಿ ನ್ಯಾಯಾಲಯದ ಎದುರಿನ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. ಡಿಸ್ಕಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಂತೆ, ಅದಕ್ಕೆ ರಿಪ್ ಮಾಡುವುದು ಎನ್ನುತ್ತಾರಂತೆ. ಇಳಿಸಿದ್ದು ಆನೆಯಷ್ಟಿರುತ್ತದೆ, ಅದನ್ನು ಹಿಂಡಿ ಚಿಕ್ಕದು ಮಾಡುವುದು ಎನ್‌ಕೋಡ್. ಆಮೇಲೆ ಟೀವಿಯಲ್ಲೇ ಹಾಕಿ ನೋಡಬಹುದು.

"ಸಬ್‌ಟೈಟಲ್ ಇದ್ರೆ ಅದನ್ನೂ ಇಳಿಸ್ಕೋಬಹುದು ಮೇಡಂ. ಆಡೋ ಮಾತೆಲ್ಲ ಕೆಳಗಡೆ ಅಕ್ಷರದಲ್ಲಿ ಬರುತ್ತೆ. ಎಷ್ಟು ದೊಡ್ಡದು ಬೇಕಾದ್ರೂ ಮಾಡ್ಕೋಬಹುದು."

ನಾನು ಅಲ್ಲೇ ನಿಂತುಬಿಟ್ಟೆ. ಮಾತೆಲ್ಲ ಅಕ್ಷರದಲ್ಲಿ ಬಂದರೆ ಕಿವಿ ಯಾಕೆ ಬೇಕು? ಕಿವಿ ಬೇಡವಾದರೆ ಸ್ಟೂಲು ಯಾಕೆ ಬೇಕು?

ಜೂನ್ ೯, ಭಾನುವಾರ

ಡಿಸ್ಕು ಓದುವ ಡ್ರೈವ್ ತಂದು ನನ್ನ ಕೋಣೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಮೊದಲ ಡಿಸ್ಕು ಇಳಿಯಿತು. ಡ್ರೈವ್ ಗುರ್ ಎನ್ನುತ್ತದೆ, ನಿಲ್ಲುತ್ತದೆ, ಯೋಚಿಸುತ್ತದೆ, ಮತ್ತೆ ಗುರ್ ಎನ್ನುತ್ತದೆ. ಗೀರು ಇರುವ ಕಡೆ ಮುಗ್ಗರಿಸುತ್ತದೆ. ಕನ್ನಡಕ ಒರೆಸುವ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಕೆಲವು ಸರಿಹೋಗುತ್ತವೆ. ಸುತ್ತ ತಿರುಗಿಸಿ ಒರೆಸಬಾರದು, ಗೀರು ಇನ್ನೂ ಹೆಚ್ಚುತ್ತದೆ.

ಎನ್‌ಕೋಡ್ ಆಗುವಾಗ ಫ್ಯಾನು ಎಷ್ಟು ಜೋರಾಗಿ ತಿರುಗುತ್ತದೆಂದರೆ, ಮೈಕು ಬಾಗಿಲಲ್ಲಿ ಇಣುಕಿ, "ಅಕ್ಕ, ಕಂಪ್ಯೂಟರ್ ಟೇಕಾಫ್ ಆಗೋ ಥರ ಇದೆ, ಪ್ರಯಾಣಿಕರು ಸೀಟಲ್ಲಿ ಕೂತ್ಕೋಬೇಕಾ?" ಅಂದಳು. ನಗು ಬಂದಿತು. ನಗಲಿಲ್ಲ.

ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಡಿಸ್ಕು ಹಾಳಾಗದ ಹಾಗೆ ಉಳಿಸುತ್ತಿದ್ದೇನೆ ಎಂದೆ. ಅದು ಸುಳ್ಳಲ್ಲ.

ಜೂನ್ ೧೬, ಭಾನುವಾರ

ಸಬ್‌ಟೈಟಲ್ ಎಂದರೆ ಅಕ್ಷರ ಎಂದುಕೊಂಡಿದ್ದೆ. ಡಿಸ್ಕಿನಲ್ಲಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಹಾಗಾಗಿ ದೊಡ್ಡದು ಮಾಡಿದರೆ ಇರುವೆ ಕಚ್ಚಿದ ತುಟಿಯ ಹಾಗೆ ಊದಿಕೊಂಡು ವಿಕಾರವಾಗಿ ಕಾಣುತ್ತದೆ. ಚಿತ್ರವನ್ನು ಓದಿ ಅಕ್ಷರ ಮಾಡಿಕೊಡುವ ತಂತ್ರಾಂಶವೊಂದನ್ನು ಅಂಗಡಿಯವನು ಹಾಕಿಕೊಟ್ಟ. ಅದಕ್ಕೆ "ಮ"ಗೂ "ವು"ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಯಕಿ "ವುನೆಗೆ ಹೋಗುತ್ತೇನೆ" ಎನ್ನುತ್ತಾಳೆ. ಸಾಲುಸಾಲಾಗಿ ಕೂತು ತಿದ್ದಿದೆ. ಎಷ್ಟೋ ಡಿಸ್ಕುಗಳಲ್ಲಿ ಸಬ್‌ಟೈಟಲ್ ಇಲ್ಲವೇ ಇಲ್ಲ. ಅವಕ್ಕೆ ಕೇಳಿ ಕೇಳಿ ನಾನೇ ಹೊಡೆಯುತ್ತಿದ್ದೇನೆ, ನ್ಯಾಯಾಲಯದಲ್ಲಿ ಹೊಡೆಯುವ ಹಾಗೇ. ತುಟಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಸಾಲು ಬರಬೇಕು, ತುಟಿ ಮುಚ್ಚುವಾಗ ಹೋಗಬೇಕು. ಮುಂದೆ ಬಂದರೂ ಚೆನ್ನಲ್ಲ, ಹಿಂದೆ ಬಿದ್ದರೂ ಚೆನ್ನಲ್ಲ.

ನನ್ನಷ್ಟು ಶುದ್ಧವಾಗಿ ಇದನ್ನು ಇನ್ನೊಬ್ಬರು ಮಾಡಲಾರರು. ಬರೆದಿಟ್ಟುಕೊಳ್ಳುತ್ತೇನೆ, ಯಾರೂ ಹೇಳುವವರಿಲ್ಲವಲ್ಲ.

ಹಾಲ್‌ನಿಂದ ಅಪ್ಪನ ನಗು ಕೇಳುತ್ತಲೇ ಇತ್ತು.

ಜೂನ್ ೨೩, ಭಾನುವಾರ

ಮೈಯೆಲ್ಲ ಉರಿಯುತ್ತಿದೆ, ಬರೆದರೆ ಕಡಿಮೆಯಾದೀತು.

ಸಂಜೆ ನಾನು ಟೀ ತೆಗೆದುಕೊಂಡು ಹೋದಾಗ ಅಪ್ಪ ಮೈಕಿಗೆ ತಮ್ಮ ಕಥೆ ಹೇಳುತ್ತಿದ್ದರು. ಮೊದಲ ಸಲ ಎರಡು ಬೂಟನ್ನೂ ಎಡಗಾಲಿಗೇ ಹೊಲಿದು ಯಜಮಾನನ ಕೈಯಲ್ಲಿ ಒದೆ ತಿಂದ ಕಥೆ. ಈ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು, ನನಗೆ ಗೊತ್ತಿಲ್ಲ ಆ ಕಥೆ. ನಿನ್ನೆ ಮೊನ್ನೆ ಬಂದವಳಿಗೆ ಗೊತ್ತು.

ಅವಳ ಜೊತೆ ಇಷ್ಟು ಮಾತಾಡುತ್ತಾರಲ್ಲ, ನಾನು ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ಈ ಬಾಗಿಲಲ್ಲಿ ನಿಂತ ದಿನ ಏನು ಹೇಳಿದರು? ಏನಾಯಿತು ಎಂದು ಕೇಳಲಿಲ್ಲ. ಯಾಕೆ ಬಂದೆ ಎಂದೂ ಕೇಳಲಿಲ್ಲ. ನನ್ನ ಕಾಲು ನೋಡಿ, "ಹಿಮ್ಮಡಿ ಸಡಿಲ ಆಗಿದೆ. ಕೂತ್ಕೋ, ಎರಡು ಮೊಳೆ ಹೊಡೀತೀನಿ" ಅಂದರು. ಇಷ್ಟು ವರ್ಷಗಳಲ್ಲಿ ಆ ವಿಷಯಕ್ಕೆ ಅವರಾಡಿದ ಮಾತು ಅದೊಂದೇ. ಅವಳಿಗೆ ಗಂಟೆಗಟ್ಟಲೆ ಕಥೆ, ನನಗೆ ಎರಡು ಮೊಳೆ.

ಇರಲಿ. ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿದೆ.

ಜೂನ್ ೩೦, ಭಾನುವಾರ

ಅಂಗಡಿಯವನು ಒಂದು ಪ್ರಶ್ನೆ ಕೇಳಿದ್ದ. ಸಬ್‌ಟೈಟಲನ್ನು ಬೇರೆ ಇಡಬೇಕಾ, ಚಿತ್ರಕ್ಕೇ ಅಂಟಿಸಬೇಕಾ? ಬೇರೆ ಇಟ್ಟರೆ ರಿಮೋಟಿನಲ್ಲಿ ಬೇಕಾದಾಗ ಹಾಕಿಕೊಂಡು ಬೇಡವಾದಾಗ ಆರಿಸಬಹುದು. ಅಂಟಿಸಿದರೆ ಅಂಟಿತು, ಅಕ್ಷರ ಚಿತ್ರದೊಳಗೇ ಸೇರಿಹೋಗುತ್ತದೆ, ಬ್ರಹ್ಮ ಬಂದರೂ ತೆಗೆಯಲಾಗದು.

"ಬೇರೆ ಇಡೋದು ಒಳ್ಳೇದು ಮೇಡಂ" ಅಂದಿದ್ದ.

ಆರಿಸಲು ಬಂದರೆ ಯಾರು ಆರಿಸುತ್ತಾರೆ ಎಂದು ನನಗೆ ಗೊತ್ತಿಲ್ಲವೇ. ಅಂಟಿಸಿಬಿಟ್ಟೆ. ಹಳದಿ ಅಕ್ಷರ, ಹಿಂದೆ ಕಪ್ಪು ಪಟ್ಟಿ, ಎರಡೆರಡು ಸಾಲು, ಆಚೆ ಮನೆಯವರೂ ಓದಬೇಕು ಅಷ್ಟು ದೊಡ್ಡದು. ಇಳಿಸಿಕೊಂಡ ಆನೆಗಾತ್ರದ ಫೈಲುಗಳನ್ನು ಜಾಗ ಸಾಲದೆಂದು ಅಳಿಸಿದೆ. ಡಿಸ್ಕುಗಳ ಡಬ್ಬಿಗಳನ್ನು ಗುಜರಿಯವನಿಗೆ ಕೊಟ್ಟುಬಿಡು ಎಂದು ತಮ್ಮನಿಗೆ ಹೇಳಿದೆ.

"ಎಲ್ಲಾನೂ?" ಅಂದ.

"ಎಲ್ಲಾನೂ. ಇನ್ನೇನಕ್ಕೆ ಬೇಕು? ಎಲ್ಲ ಇದರಲ್ಲಿದೆ" ಅಂದೆ. ಅವನು ಹೆಂಡತಿಯ ಮುಖ ನೋಡಿದ. ಈ ಮನೆಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಾರೆ.

ಜುಲೈ ೫, ಶುಕ್ರವಾರ

ಮೈಕು ಕೆಟ್ಟಿದೆ.

ಬೆಳಿಗ್ಗೆ ಎದ್ದರೆ ಗಂಟಲಿಂದ ಗಾಳಿ ಮಾತ್ರ ಬರುತ್ತಿತ್ತಂತೆ. ಗಂಟಲಿನ ಡಾಕ್ಟರು ನೋಡಿ, ದನಿಯ ತಂತಿಯ ಮೇಲೆ ಗಂಟು ಬಂದಿದೆ, ದಿನವಿಡೀ ಮೈಕಿನಲ್ಲಿ ಕಿರುಚುವವರಿಗೆ ಬರುತ್ತದೆ, ನಾನು ಹೇಳುವವರೆಗೂ ಒಂದಕ್ಷರ ಆಡಬಾರದು, ಪಿಸುಮಾತಂತೂ ಬೇಡವೇ ಬೇಡ ಅಂದರಂತೆ. ಆಡಿದರೆ ದನಿ ವಾಪಸು ಬರದೆಯೂ ಇರಬಹುದು. ತಮ್ಮ ಪೆಚ್ಚುಮೋರೆ ಹಾಕಿಕೊಂಡು ಹೇಳಿದ. ಅವಳು ಪಕ್ಕದಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡು ನಿಂತು ಕೈಯಲ್ಲೇ ಬಾಯಿಗೆ ಬೀಗ ಹಾಕಿ ತೋರಿಸಿದಳು.

ಪಾಪ ಅಂದೆ. ಅಂದದ್ದು ಬಾಯಿ ಮಾತ್ರ. ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನ್ನ ಮುಖ ಕನ್ನಡಿಯಲ್ಲಿ ನೋಡಿದೆ. ನಗುತ್ತಿತ್ತು. ದೇವರೇ, ನಾನೆಂಥ ಹೆಂಗಸು.

ಆದರೂ, ಭಾನುವಾರಕ್ಕೆ ಸರಿಯಾಗಿ ಆಯಿತು.

ಜುಲೈ ೭, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸ್ಟೂಲನ್ನು ನಾನೇ ಎತ್ತಿ ಬಾಲ್ಕನಿಯಲ್ಲಿಟ್ಟೆ. ಅಪ್ಪನಿಗೆ ತುಂಬ ಇಷ್ಟವಾದ ಸಿನಿಮಾ ಹಾಕಿದೆ. ಅದರಲ್ಲಿ ಶ್ರೀಮಂತ ಅಪ್ಪನೊಬ್ಬ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಆಕೆ ಕೆಂಪು ಎತ್ತರದ ಹಿಮ್ಮಡಿಯ ಬೂಟು ತೊಟ್ಟು, ಉದ್ದಕ್ಕೂ ಇರುವ ಕಲ್ಲಿನ ಮೆಟ್ಟಿಲು ಇಳಿದುಹೋಗುತ್ತಾಳೆ. ಆ ಶ್ರೀಮಂತ ಬಾಗಿಲಲ್ಲಿ ನಿಂತು, "ಹೋಗು. ಈ ಬಾಗಿಲು ಇನ್ನು ನಿನಗೆ ತೆರೆಯುವುದಿಲ್ಲ" ಎನ್ನುತ್ತಾನೆ. ಆ ಸಾಲನ್ನು ನಾನು ತುಟಿಗೆ ಸರಿಹೊಂದಿಸಲು ಎಷ್ಟು ಸಲ ಹಿಂದೆ ಮುಂದೆ ಮಾಡಿದ್ದೆನೋ.

ಶುರುವಿನಲ್ಲಿ ಅಪ್ಪ ಸುಮ್ಮನೆ ಓದಿದರು. ನನ್ನ ಎದೆ ಉಬ್ಬಿತು. ಮೈಕು ಬಾಗಿಲಿಗೆ ಒರಗಿ ನಿಂತಿದ್ದಳು, ಕೂರಲು ಜಾಗ ಹುಡುಕುವವಳ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕುರ್ಚಿಯಲ್ಲಿ ಜಾರತೊಡಗಿದರು. ಜಾರಿ ಜಾರಿ ಗಲ್ಲ ಎದೆಗೆ ಬಂತು. ನಿದ್ದೆ ಬಂತೇನೋ ಅಂದುಕೊಂಡೆ. ನಿದ್ದೆಯಲ್ಲ, ಅಕ್ಷರದ ಅಡಿಯಿಂದ ಇಣುಕಿ ನೋಡಲು ಬಗ್ಗುತ್ತಿದ್ದರು. ಕೊನೆಗೆ ಎದ್ದು ಟೀವಿಯ ಹತ್ತಿರ ಹೋಗಿ, ಅಂಗಿಯ ತುದಿಯಿಂದ ಹಳದಿ ಅಕ್ಷರಗಳನ್ನು ಒರೆಸಲು ನೋಡಿದರು.

"ಕಾಲು ಎಲ್ಲಿ ಹೋಯ್ತೇ?" ಅಂದರು.

ನಾನು ಕಿವಿಯ ಹತ್ತಿರ ಬಗ್ಗಿ, "ಯಾರ ಕಾಲಪ್ಪ?" ಅಂದೆ.

"ಎಲ್ಲರದ್ದೂ. ಒಬ್ಬರ ಬೂಟೂ ಕಾಣ್ತಾ ಇಲ್ಲ. ಈ ಮೆಟ್ಟಿಲಿನ ಮೇಲೆ ಅವಳ ಹಿಮ್ಮಡಿ ತಿರುಗೋದು ನೋಡೋದಕ್ಕೇ ಅಲ್ವಾ ನಾನು ಇದನ್ನ ತಂದಿದ್ದು. ತೆಗಿ ಈ ಅಕ್ಷರಾನ."

"ತೆಗೆಯೋಕೆ ಬರಲ್ಲ ಅಪ್ಪ. ಅಂಟಿಸಿದೀನಿ. ಅವರು ಏನು ಮಾತಾಡ್ತಾರೆ ಅಂತ ನಿಮಗೆ ಗೊತ್ತಾಗಲಿ ಅಂತ."

ಅಪ್ಪ ನನ್ನನ್ನು ನೋಡಿದರು, ಅಳತೆ ತಪ್ಪಿದ ಚರ್ಮವನ್ನು ನೋಡುವ ಹಾಗೆ, ಬೇಜಾರಿನಿಂದ, ಕೋಪವಿಲ್ಲದೆ. "ಹೋಗು, ಈ ಬಾಗಿಲು ಇನ್ನು ನಿನಗೆ ತೆರೆಯೋದಿಲ್ಲ. ಅದೇ ತಾನೇ ಅವನು ಹೇಳೋದು? ಕಿವಿ ಇದ್ದಾಗ ಇದನ್ನೆಲ್ಲ ಎಷ್ಟು ಸಲ ಕೇಳಿಲ್ಲ ನಾನು. ಬಾಯಿಪಾಠ ಆಗಿದೆ. ಸೊಸೆ ಹೇಳೋದು ಹೊಸದು, ಅದಕ್ಕೇ ಕೇಳೋದು."

ಇಡೀ ಗೋಡೆ ತುಂಬ ಇದ್ದ ಡಿಸ್ಕುಗಳಲ್ಲಿ ಅಪ್ಪನಿಗೆ ಗೊತ್ತಿಲ್ಲದ ಮಾತು ಒಂದೂ ಇಲ್ಲ. ಗೊತ್ತಿರುವುದನ್ನೇ ನಾನು ಹಳದಿ ಬಣ್ಣದಲ್ಲಿ ಬರೆದು, ಅವರು ನೋಡುವ ಒಂದೇ ಒಂದನ್ನು ಮುಚ್ಚಿದೆ. ಬೂಟು ಮಾಡುವವನ ಮಗಳು ನಾನು. ಸಿನಿಮಾದಲ್ಲಿ ಅವರು ಏನು ನೋಡುತ್ತಾರೆ ಎಂದು ಒಂದು ದಿನವೂ ನೋಡಲಿಲ್ಲ. ಅವರ ಕಿವಿಯನ್ನೂ ಅಲ್ಲಿ ಕೂತವಳನ್ನೂ ನೋಡಿಕೊಂಡೇ ಇದ್ದೆ.

ಮೈಕು ಬಾಲ್ಕನಿಗೆ ಹೋಗಿ ಸ್ಟೂಲು ತಂದಳು. ಕೂರಲಿಲ್ಲ, ಇದ್ದ ಜಾಗದಲ್ಲಿ ಇಟ್ಟು ಹೋದಳು. ನಾನು ಗೆದ್ದಿದ್ದರೂ ಇಷ್ಟು ಸೌಜನ್ಯ ತೋರಿಸುತ್ತಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ಜುಲೈ ೮, ಸೋಮವಾರ

ಬರೆಯಲು ಮನಸ್ಸಿಲ್ಲ.

ಜುಲೈ ೧೦, ಬುಧವಾರ

ಅಂಗಡಿಯವನು ತಲೆಯಾಡಿಸಿದ. ಅಂಟಿಸಿದ್ದು ಬರುವುದಿಲ್ಲ, ಡಿಸ್ಕಿನಿಂದ ಮತ್ತೆ ಇಳಿಸಿಯೇ ಆಗಬೇಕು ಅಂದ. ಡಿಸ್ಕು ಎಲ್ಲಿವೆ? ಗುಜರಿಯವನ ಗಾಡಿಯಲ್ಲಿ. ಅಪ್ಪ ಜೀವಮಾನದಲ್ಲಿ ಕೂಡಿಸಿದ್ದನ್ನು ನಾನು ಹೊಟ್ಟೆಕಿಚ್ಚಿಗೆ ಗುಜರಿಗೆ ಹಾಕಿದೆ.

ಮನೆಗೆ ಬಂದು ತಮ್ಮನನ್ನು ಕೇಳಿದೆ, ಯಾವ ಗುಜರಿಯವನು, ಅಂಗಡಿ ಎಲ್ಲಿ ಎಂದು. ಅವನು ತಲೆ ಕೆರೆದುಕೊಂಡು, "ಕೊಡಲಿಲ್ಲ ಅಕ್ಕ. ಇವಳು ಬಿಡಲಿಲ್ಲ. ಎಲ್ಲ ನಮ್ಮ ಮಂಚದ ಕೆಳಗಿವೆ" ಅಂದ.

ಮಂಚದ ಕೆಳಗೆ, ಹೊದಿಕೆಗಳ ಹಿಂದೆ, ಡಬ್ಬಿಗಳೆಲ್ಲ ಇದ್ದವು. ನೆಲದ ಮೇಲೆ ಕೂತು ಒಂದೊಂದನ್ನೇ ಹೊರಗೆಳೆದೆ. ಅವಳೂ ಬಂದು ಆ ತುದಿಯಿಂದ ತಳ್ಳಿದಳು. ಉಳಿಸಿದ್ದು ಅವಳೇ. ಅದೂ ಅವಳೇ ಆಗಬೇಕಿತ್ತೇ.

"ಉಪಕಾರ ಆಯ್ತು" ಅಂದೆ. ಅವಳಿಗೆ ಮಾತಾಡಲು ಆಗದಿದ್ದದ್ದು ಒಳ್ಳೆಯದಾಯಿತು.

ಜುಲೈ ೧೪, ಭಾನುವಾರ

ಮತ್ತೆ ರಿಪ್, ಮತ್ತೆ ಎನ್‌ಕೋಡ್. ಈ ಸಲ ಸಬ್‌ಟೈಟಲ್ ಬೇರೆ ಇಟ್ಟಿದ್ದೇನೆ. ಬೇಕಾದವರು ಹಾಕಿಕೊಳ್ಳಲಿ.

ಮಾತು ಬಾರದ ಅವಳೂ ಕಿವಿ ಕೇಳದ ಅವರೂ ಇನ್ನೇನು ಮಾಡಿಯಾರು, ಇಬ್ಬರೂ ಗೋಡೆ ನೋಡಿಕೊಂಡು ಕೂರುತ್ತಾರೆ ಎಂದುಕೊಂಡಿದ್ದೆ. ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತಿದ್ದಾಳೆ. ಆದರೆ ಅಪ್ಪನಿಗೆ ಟೀವಿಗೊಂದು ಕನ್ನಡಕ, ಓದಲು ಇನ್ನೊಂದು. ಮುಚ್ಚಳ ಓದಲು ಕನ್ನಡಕ ಬದಲಿಸುವಷ್ಟರಲ್ಲಿ ಟೀವಿಯಲ್ಲಿ ಒಬ್ಬನ ಮದುವೆಯೇ ಆಗಿಹೋಗುತ್ತದೆ. ನಾನು ಬಾಗಿಲ ಹತ್ತಿರ ನಿಂತು ಒಳಗೊಳಗೇ ಖುಷಿಪಟ್ಟೆ. ಆಗ ಅಪ್ಪ ತಿರುಗಿ ನನ್ನನ್ನು ಕರೆದರು.

"ಬಾ ಇಲ್ಲಿ. ಇವಳು ಬರೆದಿದ್ದನ್ನ ನೀನು ಓದಿ ಹೇಳು."

ಸ್ಟೂಲಿನಿಂದ ಮೈಕು ಎದ್ದಳು. ನಾನು ಕೂತೆ. ಎಷ್ಟು ದಿನದ ಆಸೆ, ಸಿಕ್ಕಿದ್ದು ಹೀಗೆ. ಅವಳು ನೆಲದ ಮೇಲೆ ಕೂತು ಬರೆದು ಬರೆದು ಕೊಟ್ಟಳು, ನಾನು ಅವಳ ಸುಳ್ಳುಗಳನ್ನು ಅಪ್ಪನ ಕಿವಿಗೆ ಓದಿದೆ. ಕೆಲಸದಲ್ಲಿ ಅನ್ಯರು ಹೇಳಿದ್ದನ್ನು ಬರೆಯುತ್ತೇನೆ, ಮನೆಯಲ್ಲಿ ಅನ್ಯರು ಬರೆದದ್ದನ್ನು ಹೇಳುತ್ತಿದ್ದೇನೆ. ನನ್ನದು ಅಂತ ಒಂದು ಮಾತು ಎಲ್ಲೂ ಇಲ್ಲ.

"ಈ ರಾಜನಿಗೆ ಬೂಟು ಬಿಗಿಯಾಗಿದೆ ಮಾವ, ಅದಕ್ಕೇ ಯುದ್ಧ ಬೇಡ ಅಂತಿದಾನೆ" ಎಂದಿತ್ತು ಮುಚ್ಚಳದಲ್ಲಿ. ಓದಿದೆ.

ಅಪ್ಪ ನಗಲಿಲ್ಲ. "ಸಾಕ್ಷಿ ಹೇಳ್ತಿದೀಯಾ? ಸ್ವಲ್ಪ ಎಳೆದು ಹೇಳೇ. ಮತ್ತೆ, 'ಮಾವ' ಅಂತ ಯಾಕಂತೀಯಾ ನನ್ನ?" ಅಂದರು.

ಬರೆದದ್ದನ್ನು ಬರೆದ ಹಾಗೇ ಓದಿದ್ದೆ. ಮೈಕು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದಳು. ಡಾಕ್ಟರು ನಗುವುದನ್ನೂ ನಿಲ್ಲಿಸಬೇಕಿತ್ತು.

ಜುಲೈ ೧೮, ಗುರುವಾರ

ನಿನ್ನೆ ರಾತ್ರಿ ಸ್ವಲ್ಪ ಎಳೆದು ಹೇಳಿ ನೋಡಿದೆ. ಕಳ್ಳನಿಗೆ ಕಳ್ಳನ ದನಿ, ಮುದುಕಿಗೆ ಮುದುಕಿಯ ದನಿ. ನ್ಯಾಯಾಲಯದಲ್ಲಿ ಇಷ್ಟು ವರ್ಷ ಕಂಡ ಜನ ಎಲ್ಲ ಗಂಟಲಲ್ಲೇ ಕೂತಿದ್ದರೇನೋ. ಅಪ್ಪ ಎರಡು ಸಲ ನಕ್ಕರು. ಒಂದು ಅವಳು ಬರೆದದ್ದಕ್ಕೆ, ಇನ್ನೊಂದು ನಾನು ಹೇಳಿದ ರೀತಿಗೆ. ಎರಡನೆಯದು ನನ್ನ ಲೆಕ್ಕಕ್ಕೆ.

ಇವತ್ತು ಮಧ್ಯಾಹ್ನ ಪ್ರತಿವಾದಿಯ ವಕೀಲರು ಮಾತಾಡುವಾಗ, ಇವರ ಬೂಟಿನ ಒಳಗೆ ಮರಳು ಹೋಗಿದೆಯೇ ಎನ್ನಿಸಿ ನಗು ಬಂದು ಒಂದು ಪದ ಬಿಟ್ಟೆ. ಮತ್ತೆ ಕೇಳಿ ಹೊಡೆದೆ.

ಜುಲೈ ೨೧, ಭಾನುವಾರ

ಕೆಂಪು ಬೂಟಿನ ಸಿನಿಮಾ ಮತ್ತೆ ಸಿದ್ಧವಾಯಿತು. ಅಕ್ಷರವಿಲ್ಲ, ಕಾಲು ಕಾಣುತ್ತದೆ. ಅಪ್ಪ ಕಾಲು ನೋಡಿದರು, ನಾನು ಅಪ್ಪನನ್ನು ನೋಡಿದೆ. ಆಕೆ ನಡೆಯುವಾಗ ಅವರ ಹೆಬ್ಬೆರಳು ತೊಡೆಯ ಮೇಲೆ ಚರ್ಮ ಒತ್ತುವ ಹಾಗೆ ಒತ್ತುತ್ತಿರುತ್ತದೆ. ನಾನು ಯಾವತ್ತೂ ಗಮನಿಸಿರಲಿಲ್ಲ.

ಮೆಟ್ಟಿಲಿನ ದೃಶ್ಯ ಬಂತು. ಮೈಕು ಬರೆಯಲು ಹೋದಳು, ಪೆನ್ಸಿಲಿನ ಮೊನೆ ಮುರಿಯಿತು. ಹೆರೆಯಲು ಬ್ಲೇಡು ಹುಡುಕುತ್ತಾಳೆ, ಸಿಗುವುದಿಲ್ಲ. ಪರದೆಯ ಮೇಲೆ ಶ್ರೀಮಂತ ಅಪ್ಪ ಬಾಯಿ ತೆರೆಯುತ್ತಿದ್ದಾನೆ, ಇಲ್ಲಿ ಅಪ್ಪ ಕಿವಿಯನ್ನು ನನ್ನ ಕಡೆಗೆ ವಾಲಿಸಿ ಕಾಯುತ್ತಿದ್ದಾರೆ. ನನ್ನ ಕೈಯಲ್ಲಿ ಖಾಲಿ ಮುಚ್ಚಳ. ನಿಜವಾದ ಸಾಲು ನನಗೆ ಗೊತ್ತಿತ್ತು, ಅದನ್ನು ಹೇಳಿದರೆ ಅವರಿಗೆ ಬೇಡ.

ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹಿಮ್ಮಡಿ ಸಡಿಲ ಆಗಿದೆ. ಕೂತ್ಕೋ, ಎರಡು ಮೊಳೆ ಹೊಡೀತೀನಿ. ಆಮೇಲೆ ಬೇಕಾದ್ರೆ ಹೋಗುವಂತೆ."

ಬೂಟು ಮಾಡುವವರ ಮನೆಯಲ್ಲಿ ಬೆಳೆದ ಬಾಯಿ, ಮೊಳೆಯ ಮಾತೇ ಬಂತು. ತಮಾಷೆಯಾಗಿದೆ ಅಂದುಕೊಂಡೆ. ಅಪ್ಪ ನಗಲಿಲ್ಲ. ಟೀವಿಯಿಂದ ಕಣ್ಣು ತೆಗೆದು ನನ್ನ ಪಾದ ನೋಡಿದರು. ಬರಿಗಾಲಲ್ಲಿದ್ದೆ. ಮತ್ತೆ ಟೀವಿಯ ಕಡೆ ತಿರುಗಿದರು.

ಮೊದಲ ಸಲ ಸ್ವಂತಕ್ಕೆ ಒಂದು ಮಾತು ಹೇಳಿದೆ, ಅದೂ ಕೂರಲಿಲ್ಲ. ಇದು ಅವಳಿಗೆ ಬರುವ ವಿದ್ಯೆ, ನನಗ್ಯಾಕೆ. ಅವಳು ನೆಲದ ಮೇಲೆ ಮುರಿದ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಪಾಪ ಎಂದುಕೊಂಡಿರಬೇಕು.

ಆಗಸ್ಟ್ ೨, ಶುಕ್ರವಾರ

ಗಂಟು ಕರಗಿದೆ. ಡಾಕ್ಟರು ಮಾತಾಡಬಹುದು ಅಂದರಂತೆ, ಮನೆಯಲ್ಲಿ ಮಾತ್ರ, ಮೆಲ್ಲಗೆ. ಮೈಕು ಬಾಗಿಲಲ್ಲೇ, "ಅಕ್ಕ" ಅಂದಳು. ದನಿ ಸ್ವಲ್ಪ ಒರಟಾಗಿದೆ, ಬಾಕಿ ಹಾಗೇ ಇದೆ.

ಸಂತೋಷ ಅಂದೆ. ಈ ಸಲ ಅರ್ಧ ನಿಜವಾಗಿಯೂ ಸಂತೋಷವಾಯಿತು. ಉಳಿದರ್ಧ ಬರೆಯುವುದೇ ಬೇಡ, ಈ ಡೈರಿ ತಿರುವಿ ಹಾಕಿದರೆ ಎಲ್ಲ ಪುಟದಲ್ಲೂ ಅದೇ ಇದೆ. ಭಾನುವಾರ ಅವಳ ಜಾಗ ಅವಳಿಗೆ.

ಆಗಸ್ಟ್ ೪, ಭಾನುವಾರ

ಅಪ್ಪನೇ ಕೆಂಪು ಬೂಟಿನ ಸಿನಿಮಾ ಕೇಳಿದರು. ಮೈಕು ಸ್ಟೂಲಿನ ಮೇಲೆ ಕೂತಳು. ನಾನು ಹಿಂದೆ ಊಟದ ಮೇಜಿನ ಹತ್ತಿರ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ನೋಡಬಾರದು ಎಂದುಕೊಂಡು ಎಲ್ಲವನ್ನೂ ನೋಡುತ್ತಿದ್ದೆ. ಅವಳು ಮೆಲ್ಲಗೆ ಹೇಳುತ್ತಿದ್ದಳು, ಅಪ್ಪ ಕುಲುಕುಲು ನಗುತ್ತಿದ್ದರು. ಹಳೆಯ ಕೆಂಡ, ಹಳೆಯ ಹೊಟ್ಟೆ.

ಮೆಟ್ಟಿಲಿನ ದೃಶ್ಯ ಬಂತು. ಅವಳು ಬಗ್ಗಿ, "ಹಿಮ್ಮಡಿ ಸಡಿಲ ಆಗಿದೆ. ಕೂತ್ಕೋ, ಎರಡು ಮೊಳೆ ಹೊಡೀತೀನಿ. ಆಮೇಲೆ ಬೇಕಾದ್ರೆ..." ಅಂದಳು.

ನನ್ನ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿತು. ನನ್ನದು ಅಂತ ಇದ್ದದ್ದು ಅದೊಂದು ಮಾತು, ಅದನ್ನೂ ಎತ್ತಿಕೊಂಡಳಲ್ಲ. ಎದ್ದು ಹೋಗೋಣ ಎನ್ನಿಸಿತು.

ಅಪ್ಪ ಕೈ ಎತ್ತಿದರು. "ನಿಲ್ಸು ಅದನ್ನ."

ಚಿತ್ರ ನಿಂತಿತು.

"ಆ ಮಾತು ನಿಂದಲ್ಲ, ಅವಳದ್ದು. ಅವಳನ್ನ ಕರಿ" ಅಂದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ಜೋರು ಎಂದು ಗೊತ್ತಾಗುವುದಿಲ್ಲ. ಆಚೆ ಮನೆಗೂ ಕೇಳಿಸಿರಬೇಕು. ಕೇಳಿಸಲಿ.

ನಾನು ಹೋದೆ. ಮೈಕು ಚಿತ್ರವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಕೂತು, ಎಡಗಿವಿಗೆ ಬಗ್ಗಿ, ಹೇಳಿದೆ. ಈ ಸಲ ಯಾರ ದನಿಯನ್ನೂ ಮಾಡಲಿಲ್ಲ.

ಅಪ್ಪ ಪರದೆಯನ್ನೇ ನೋಡುತ್ತ ಕೇಳಿದರು. "ಆಮೇಲೆ? ಕೂತ್ಲಾ, ಹೋದ್ಲಾ?"

ಅಲ್ಲಿ ಆಕೆ ಕೆಂಪು ಬೂಟು ತೊಟ್ಟು, ಹಿಂದೆ ತಿರುಗಿಯೂ ನೋಡದೆ, ಕೊನೆಯ ಮೆಟ್ಟಿಲು ಇಳಿದು ಬೀದಿಗೆ ಕಾಲಿಡುತ್ತಿದ್ದಳು.

"ಕೂತ್ಲು ಅಪ್ಪ" ಅಂದೆ. "ಇಲ್ಲೇ ಕೂತಿದಾಳೆ."

"ಹೂಂ" ಅಂದರು ಅಪ್ಪ. ಹೆಬ್ಬೆರಳು ತೊಡೆಯ ಮೇಲೆ ಒತ್ತಿತು.

ಸಿನಿಮಾ ಮುಗಿಯುವವರೆಗೂ ನನ್ನನ್ನು ಏಳು ಎಂದು ಯಾರೂ ಹೇಳಲಿಲ್ಲ. ಒಂದು ವಿಷಯ ಮಾತ್ರ ದಾಖಲಾಗಬೇಕು. ಅಪ್ಪ ಕರಿ ಅಂದಾಗ ಮೈಕು ಸ್ಟೂಲಿನಿಂದ ಏಳಲು ಸ್ವಲ್ಪ ತಡ ಮಾಡಿದಳು. ಆಮೇಲೆ ಇಡೀ ಹೊತ್ತು ಬಾಗಿಲಿಗೆ ಒರಗಿ ನಿಂತು ನಮ್ಮನ್ನು ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡಿದ್ದೇನೆ. ಮುಂದಿನ ಭಾನುವಾರ ಇಂಟರ್ವಲ್‌ವರೆಗೆ ಅವಳು ಕೂರಲಿ ಎಂದುಕೊಂಡಿದ್ದೇನೆ. ನೋಡೋಣ.